ಫಿಲ್ಟರ್ ಎಳೆಗೆ ಬೆಳ್ಳಿ ಲೇಪನ: ಮಾಡಿ ನೋಡಿದವರ ಮಾತು

ಕೇಳಿದ್ದು: ಬ್ಯಾಕ್ಟೀರಿಯಾ ಬೆಳೆಯದಂತೆ ಏರ್ ಪ್ಯೂರಿಫೈಯರ್ ಫಿಲ್ಟರ್‌ಗೆ ಬೆಳ್ಳಿಯ ನ್ಯಾನೊ ಕಣ ಲೇಪಿಸುವ ಪ್ರಾಜೆಕ್ಟ್ ಹಿಡಿದಿದ್ದೇನೆ. ಬಟ್ಟೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ ಬಿಸಿಗಾಳಿಯಲ್ಲಿ ಊದಿ ಎಳೆ ಮಾಡಿದ ಮೆಲ್ಟ್‌ಬ್ಲೋನ್. ಲೇಪನ ನಿಲ್ಲುತ್ತಿಲ್ಲ, ಗಾಳಿಯೂ ಸರಿಯಾಗಿ ಹಾಯುತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1: ನಾನೂ ಇದೇ ಬಟ್ಟೆಯಲ್ಲಿ ಕೈಸುಟ್ಟುಕೊಂಡವನು. ಪಾಲಿಪ್ರೊಪಿಲೀನಿಗೂ ನೀರಿಗೂ ಆಗಿಬರುವುದಿಲ್ಲ, ನೀರಿನ ದ್ರಾವಣ ತಾವರೆ ಎಲೆಯ ಮೇಲಿನ ಹನಿಯ ಹಾಗೆ ಉರುಳಿಹೋಗುತ್ತದೆ. ಅದ್ದಿ ಒಣಗಿಸಿದ ತುಂಡನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದೆ. ಎಳೆಗಳ ಮೈಯೆಲ್ಲ ಬೋಳು. ಎಳೆ ಎಳೆ ಕೂಡುವ ಸಂದಿಯಲ್ಲಿ ಮಾತ್ರ ಬೆಳ್ಳಿ ಮುದ್ದೆಗಟ್ಟಿ ತೆಳ್ಳಗಿನ ಪೊರೆಯಂತೆ ಚಾಚಿಕೊಂಡಿತ್ತು. ಗಾಳಿಗೆ ಅಡ್ಡ ನಿಂತದ್ದು ಆ ಪೊರೆಯೇ. ಮೊದಲು ಎಳೆಗಳ ಮೈ ದ್ರವ ಹಿಡಿಯುವಂತೆ ಪ್ಲಾಸ್ಮಾ (ವಿದ್ಯುತ್ ಹಾಯಿಸಿದ ಅನಿಲ) ಕೊಟ್ಟು, ಬೆಳ್ಳಿ ಕಣಗಳ ಪ್ರಮಾಣ ಇಳಿಸಿದ ಮೇಲೆ ಲೇಪನ ಒಂದೇ ಸಮ ಕೂತಿತು.

ಆಗ ಇನ್ನೊಂದು ಏಟು ಬಿತ್ತು. ಮೆಲ್ಟ್‌ಬ್ಲೋನ್ ಬಟ್ಟೆ ಗಾಳಿಯಲ್ಲಿನ ಸಣ್ಣ ಕಣಗಳನ್ನು ಹಿಡಿಯುವುದು ಬಹುಮಟ್ಟಿಗೆ ಎಳೆಗಳಲ್ಲಿ ತುಂಬಿಟ್ಟ ಸ್ಥಿರ ವಿದ್ಯುತ್ತಿನ ಚಾರ್ಜ್‌ನಿಂದ. ಈ ಸಲ ನಾನು ಬೆಳ್ಳಿ ಕಣಗಳನ್ನು ಕಲಸಿದ್ದು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ. ಅದು ಆ ಚಾರ್ಜನ್ನೇ ಅಳಿಸಿಹಾಕುತ್ತದೆ. ಬೆಳ್ಳಿ ಚೆನ್ನಾಗಿ ಕೂತಿದೆ, ಫಿಲ್ಟರ್ ಮಾತ್ರ ಸತ್ತಿದೆ. ಮೂರು ತಿಂಗಳ ಕೆಲಸ ಹೋಯಿತು, ಈಗಲೂ ಸಂಕಟವಾಗುತ್ತದೆ. ಕಡೆಗೆ ಬೆಳ್ಳಿಯನ್ನು ಮುಂದಿನ ಬೇರೆ ಪದರಕ್ಕೆ ಹಾಕಿ, ಚಾರ್ಜ್ ಇರುವ ಪದರವನ್ನು ಮುಟ್ಟದೆ ಬಿಟ್ಟೆವು. ನೀವು ಏನೇ ಮಾಡಿ, ಲೇಪನಕ್ಕೆ ಮೊದಲೂ ಆಮೇಲೂ 0.3 ಮೈಕ್ರಾನ್ ಕಣ ಎಷ್ಟು ಸಿಗುತ್ತದೆ, ಪ್ರೆಶರ್ ಡ್ರಾಪ್ (ಬಟ್ಟೆ ದಾಟುವಾಗ ಗಾಳಿಯ ಒತ್ತಡದಲ್ಲಿ ಆಗುವ ಇಳಿಕೆ) ಎಷ್ಟಿದೆ ಎಂದು ಅಳೆಯದೆ ಮುಂದಿನ ಹೆಜ್ಜೆ ಇಡಬೇಡಿ.

ಉತ್ತರ 2: ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಬಟ್ಟೆ ಬ್ಯಾಕ್ಟೀರಿಯಾವನ್ನು ಎಷ್ಟು ತಡೆಯುತ್ತದೆ ಎಂದು ನೋಡುವ ಐಎಸ್ಒ 20743 ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಇರುವ ದ್ರವವನ್ನು ಬಟ್ಟೆಗೆ ಹಾಕಿ 37 ಡಿಗ್ರಿಯಲ್ಲಿ 18ರಿಂದ 24 ಗಂಟೆ ಇಡುತ್ತಾರೆ. ಬೆಳ್ಳಿಗೆ ಬೇಕಾದದ್ದೂ ಆ ತೇವವೇ, ಬ್ಯಾಕ್ಟೀರಿಯಾವನ್ನು ಕೊಲ್ಲುವ ಅಯಾನು (ಚಾರ್ಜ್ ಇರುವ ಬೆಳ್ಳಿಯ ಪರಮಾಣು) ಬಿಡುವುದು ಅದರಲ್ಲಿ. ಓಡುವ ಫಿಲ್ಟರ್ ಒಣಗಿರುತ್ತದೆ, ವಾರಗಳು ಕಳೆದಂತೆ ಬೆಳ್ಳಿಯ ಮೇಲೆ ಧೂಳಿನ ಹೊದಿಕೆ ಬೀಳುತ್ತದೆ. ಆ ಧೂಳಿನ ಮೇಲೆ ಕೂತ ಬ್ಯಾಕ್ಟೀರಿಯಾಕ್ಕೆ ಬೆಳ್ಳಿ ತಾಗುವುದೇ ಇಲ್ಲ. ನಮ್ಮಲ್ಲಿ ಹೊಸ ತುಂಡು ಚೆನ್ನಾಗಿ ಪಾಸಾಗಿತ್ತು, ಧೂಳು ಕೂರಿಸಿದ ತುಂಡು ಸೋತಿತು. ದಯವಿಟ್ಟು ಎರಡನ್ನೂ ಪರೀಕ್ಷಿಸಿ. ಸಿಕ್ಕಿಬಿದ್ದ ಸೂಕ್ಷ್ಮಜೀವಿ ಫಿಲ್ಟರಿನಲ್ಲೇ ಬೆಳೆಯದಂತೆ ತಡೆಯುವುದು ಈ ಲೇಪನದ ಕೆಲಸ; ಕ್ಷಣದಲ್ಲಿ ಹಾದುಹೋಗುವ ಗಾಳಿಯನ್ನು ಶುದ್ಧ ಮಾಡುತ್ತದೆ ಎಂದು ವರದಿಯಲ್ಲಿ ಬರೆಯಬೇಡಿ.

ಉತ್ತರ 3: ಬೆಳ್ಳಿ ಬಿಟ್ಟು ಟೈಟಾನಿಯಂ ಡೈಆಕ್ಸೈಡ್‌ಗೆ ಹೋಗುವ ಯೋಚನೆ ಇದ್ದರೆ, ಅದಕ್ಕೆ ಅತಿನೇರಳೆ ಬೆಳಕು ಬೇಕು. ಮುಚ್ಚಿದ ಪೆಟ್ಟಿಗೆಯೊಳಗಿನ ಕತ್ತಲಲ್ಲಿ ಸುಮ್ಮನೆ ಕೂತಿರುತ್ತದೆ.

ಕಣ ಉದುರುವುದನ್ನೂ ನೋಡಿ. ನಾವು ಲೇಪಿಸಿದ ಬಟ್ಟೆಯ ಹಿಂದೆ ಒಂದು ಬಿಳಿ ಮೆಂಬ್ರೇನ್ (ತೆಳ್ಳನೆಯ ಸೋಸು ಹಾಳೆ) ಇಟ್ಟು ಇಡೀ ದಿನ ಶುದ್ಧ ಗಾಳಿ ಹಾಯಿಸಿದೆವು. ಸಂಜೆ ತೆಗೆದರೆ ನಡುವೆ ಉದುರಿದ ಬೆಳ್ಳಿಯ ತಿಳಿ ಕಂದು ಕಲೆ. ಆ ಮಾದರಿಯನ್ನು ಅಲ್ಲಿಗೇ ಕೈಬಿಟ್ಟೆವು, ಆ ಗಾಳಿಯನ್ನು ಯಾರೋ ಉಸಿರಾಡಬೇಕಲ್ಲ.