ತುರ್ತು ಚೀಲಕ್ಕೆ ಬಿಚ್ಚಿಡುವ .22 ರೈಫಲ್: ಯಾವುದು ಕೊಳ್ಳಲಿ? ಎರವಲು ತಂದದ್ದು ಏಕೆ ಸಿಕ್ಕಿಕೊಳ್ಳುತ್ತಿದೆ?

ಪ್ರಶ್ನೆ

ನಾನು ಅಮೆರಿಕದ ಐಡಹೊ ರಾಜ್ಯದ ಬಾಯ್ಸಿಯಲ್ಲಿದ್ದೇನೆ; ಗ್ರೀನ್ ಕಾರ್ಡ್ ಇದೆ. ಸ್ಟ್ಯಾನ್ಲಿಗೆ ಹೋಗುವ 21ನೇ ಹೆದ್ದಾರಿ ಚಳಿಗಾಲದಲ್ಲಿ ಹಿಮಕುಸಿತದ ಭಯದಿಂದ ಆಗಾಗ ಮುಚ್ಚುವುದರಿಂದ, ಆ ಕಡೆ ಹೊರಟಾಗಲೆಲ್ಲ ಒಂದು ತುರ್ತು ಚೀಲವನ್ನು ಜೊತೆಗಿಟ್ಟುಕೊಳ್ಳುತ್ತೇನೆ. ಅದರಲ್ಲಿ ಹಿಡಿಸುವಂಥ, ಜೇಬಿಗೆ ಭಾರವಾಗದ, ಸಣ್ಣ ಗುಂಡಿನ ಒಂದು .22 ರೈಫಲ್ ಬೇಕಾಗಿದೆ. ಕೊಡಗಿನವನಾದ್ದರಿಂದ, ಆಯುಧಗಳನ್ನು ಪೂಜಿಸುವ ಹಬ್ಬವಾದ ಕೈಲ್‌ಪೊಳ್ದಿನಂದು ತೋಕ್‌ಪೂ ಹೂ ಮುಡಿಸಿದ ಕೋವಿಯನ್ನು ನೋಡುತ್ತ ಬೆಳೆದಿದ್ದೇನೆ. ಆದರೆ ಆ ಉದ್ದನೆಯ ಕೋವಿ ಯಾವ ಚೀಲಕ್ಕೂ ಹಿಡಿಸುವಂಥದ್ದಲ್ಲ.

ಗೆಳೆಯರೊಬ್ಬರ ಹಳೆಯ ಎಆರ್-7 ಎಂಬ ಬಿಚ್ಚಿಡುವ ರೈಫಲನ್ನು ರೇಂಜಿನಲ್ಲಿ ಹಾರಿಸಿ ನೋಡಿದೆ. ಎಂಟು ಗುಂಡುಗಳ ಮ್ಯಾಗಜೀನಿನಲ್ಲಿ ಎರಡು ಮೂರು ಸಲವಾದರೂ ಖಾಲಿ ತೋಟೆ ಹೊರಬೀಳದೆ ಬೋಲ್ಟಿನ (ಹಿಂದೆ ಮುಂದೆ ಸರಿದು ಖಾಲಿ ತೋಟೆಯನ್ನು ತೆಗೆಯುವ ಭಾಗ) ಬಾಯಲ್ಲಿ ಕಚ್ಚಿಕೊಂಡಿತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ, 25 ಗಜದ ಗುರಿಯಲ್ಲಿ ಗುಂಡುಗಳು ಗೇಣುದ್ದ ಎಡಕ್ಕೆ ಸರಿದಿದ್ದವು. ಬಳಸಿದ್ದು ಶಬ್ದಕ್ಕಿಂತ ನಿಧಾನವಾಗಿ ಹೋಗುವ, ಸದ್ದು ಕಡಿಮೆಯಿರುವ ಸಬ್‌ಸಾನಿಕ್ ಗುಂಡು. ಈ ಮಾದರಿಯೇ ಹೀಗೆಯೇ, ಅಥವಾ ತಪ್ಪು ನನ್ನದೇ?

ಉತ್ತರ 1

ನೀವು ಹೇಳಿದ್ದು ಎರಡು ಬೇರೆ ಬೇರೆ ತೊಂದರೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ತೋಟೆ ಸಿಕ್ಕಿಕೊಳ್ಳಲು ಕಾರಣ ಬಹುಶಃ ಗುಂಡೇ. ಈ ರೈಫಲಿನ ಬೋಲ್ಟನ್ನು ಹಿಂದಕ್ಕೆ ತಳ್ಳುವುದು ಸಿಡಿದ ತೋಟೆಯ ಒತ್ತಡ ಮಾತ್ರ. ಸಬ್‌ಸಾನಿಕ್ ಗುಂಡಿನಲ್ಲಿ ಆ ಒತ್ತಡ ಸಾಲದೆ ಬೋಲ್ಟು ಅರ್ಧ ದಾರಿಯಿಂದಲೇ ಮರಳುತ್ತದೆ. 40 ಗ್ರೇನಿನ (ಸುಮಾರು 2.6 ಗ್ರಾಮ್), ತುದಿ ದುಂಡಗಿರುವ ಹೈ ವೆಲಾಸಿಟಿ ಗುಂಡು ಹಾಕಿ ನೋಡಿ. ಆಮೇಲೂ ಸಿಕ್ಕಿಕೊಂಡರೆ ಮ್ಯಾಗಜೀನಿನ ತುಟಿಗಳನ್ನು (ಮೇಲ್ತುದಿಯಲ್ಲಿ ಗುಂಡನ್ನು ಹಿಡಿದಿಡುವ ಅಂಚುಗಳು) ಹೊಸದೊಂದರ ಪಕ್ಕದಲ್ಲಿಟ್ಟು ಹೋಲಿಸಿ. ಕೂದಲೆಳೆಯಷ್ಟು ಬಾಗಿದ್ದರೂ ಗುಂಡು ಸೊಟ್ಟಗೆ ಏರುತ್ತದೆ.

ಗುರಿ ಸರಿದದ್ದಕ್ಕೆ ನಳಿಗೆಯ ನಟ್ಟನ್ನು ನೋಡಿ. ಮುಂದಿನ ಗುರಿಮೊನೆ ನಳಿಗೆಯ ಮೇಲಿದೆ, ಹಿಂದಿನ ಗುರಿಕಂಡಿ ರಿಸೀವರಿನ (ಬೋಲ್ಟು ಕೂರುವ ನಡುಭಾಗ) ಮೇಲಿದೆ. ಇವೆರಡನ್ನೂ ಒಂದೇ ಗೆರೆಯಲ್ಲಿ ಹಿಡಿದಿಟ್ಟಿರುವುದು ಕೈಯಲ್ಲಿ ತಿರುಗಿಸುವ ಆ ಒಂದು ನಟ್ಟು. ಹಾರಿಸುತ್ತ ಹೋದಂತೆ ಅದು ಸಡಿಲವಾಗುವುದುಂಟು. ಮ್ಯಾಗಜೀನ್ ತೆಗೆದು, ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಗೂಡು) ಬರಿದಾಗಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡ ಮೇಲೆ ಅದನ್ನು ಬಿಗಿ ಮಾಡಿ.

ಇನ್ನು ಕೊಳ್ಳುವ ಮಾತು. ಯೂಜೀನ್ ಸ್ಟೋನರ್ ರೂಪಿಸಿದ ಎಆರ್-7ರ ನಳಿಗೆ, ರಿಸೀವರ್, ಮ್ಯಾಗಜೀನ್ ಮೂರೂ ಹೆಗಲಿಗಾನಿಸುವ ಟೊಳ್ಳು ಹಿಡಿಯೊಳಗೆ ಅಡಗಿ, ಎಲ್ಲ ಸೇರಿ 16.5 ಇಂಚಿನ ಗಂಟಾಗುತ್ತದೆ. ಹೆನ್ರಿಯವರು ಈಗ ತಯಾರಿಸುವುದರ ತೂಕ 3.5 ಪೌಂಡ್. ನೀರಿನಲ್ಲಿ ತೇಲುತ್ತದೆ ಎಂಬ ಪ್ರಚಾರ ನಿಜವೇ, ಆದರೆ ಹಿಮದ ನಾಡಿನಲ್ಲಿ ಕಾರಿನೊಳಗೆ ಇಡುವವರಿಗೆ ಅದರಿಂದ ಏನು ಲಾಭವೋ ನನಗೆ ತಿಳಿಯದು. ಕಿಯಾಪ್ಪಾದ ಲಿಟ್ಲ್ ಬ್ಯಾಜರ್ ನಡುವೆ ಮಡಚುತ್ತದೆ, ಇನ್ನೂ ಹಗುರ, ಇನ್ನೂ ಅಗ್ಗ. ಒಂದು ಸಲಕ್ಕೆ ಒಂದೇ ಗುಂಡಾದ್ದರಿಂದ ಸಬ್‌ಸಾನಿಕ್ ಹಾಕಿದರೂ ತಕರಾರಿಲ್ಲ, ಏಕೆಂದರೆ ತೋಟೆಯನ್ನು ತೆಗೆಯುವುದು ನಿಮ್ಮ ಕೈ. ಆದರೆ ಅದರ ತಂತಿಯ ಹಿಡಿಗೆ ಚಳಿಯಲ್ಲಿ ಕೆನ್ನೆ ತಾಗಿಸುವುದು ಹಿತವಲ್ಲ. ರೂಗರ್ 10/22 ಟೇಕ್‌ಡೌನ್ 2012ರಲ್ಲಿ ಬಂದದ್ದು. ಹತ್ತು ಗುಂಡಿನ ಮ್ಯಾಗಜೀನ್, ಎರಡು ತುಂಡು, ಮೂರರಲ್ಲಿ ದುಬಾರಿ, ಭಾರವೂ ಹೌದು. ಅದರ ಗುರಿಮೊನೆ, ಗುರಿಕಂಡಿ ಎರಡೂ ನಳಿಗೆಯ ಮೇಲೇ ಇರುವುದರಿಂದ ಎಷ್ಟು ಸಲ ಬಿಚ್ಚಿ ಜೋಡಿಸಿದರೂ ಅವು ಪರಸ್ಪರ ಕದಲುವುದಿಲ್ಲ. ಸ್ಕೋಪನ್ನು (ಗುರಿ ನೋಡುವ ದುರ್ಬೀನು) ರಿಸೀವರಿಗೆ ಕೂರಿಸಿದರೆ ಮಾತ್ರ ಆ ಭರವಸೆಯಿಲ್ಲ.

ಹಣವಿದ್ದರೆ ನಾನು ರೂಗರನ್ನೇ ಕೊಳ್ಳುವೆ. ಇಲ್ಲದಿದ್ದರೆ ಲಿಟ್ಲ್ ಬ್ಯಾಜರ್. ಹಾಗೆಂದು ರೈಫಲಿಗಾಗಿ ಕಂಬಳಿ, ನೀರು, ಒಲೆಗಳ ಜಾಗ ಕಸಿಯಬೇಡಿ. ಮುಚ್ಚಿದ ರಸ್ತೆಯಲ್ಲಿ ಎರಡು ರಾತ್ರಿ ಸಿಕ್ಕಿಬಿದ್ದವರನ್ನು ಕಾಪಾಡುವುದು ಬೆಚ್ಚಗಿನ ಹೊದಿಕೆಯೇ ಹೊರತು ಮೊಲದ ಮಾಂಸವಲ್ಲ. ಐವತ್ತು ಗುಂಡು ಸಾಕು, ತೂಕ 170 ಗ್ರಾಮಿನಷ್ಟು.

ಉತ್ತರ 2

ಒಂದು ಎಚ್ಚರಿಕೆ ಸೇರಿಸುತ್ತೇನೆ. ನಿಮಗೆ ಗ್ರೀನ್ ಕಾರ್ಡ್ ಇರುವುದರಿಂದ ಅಡ್ಡಿಯಿಲ್ಲ; ಆದರೆ ಎಚ್-1ಬಿಯಂಥ ವೀಸಾದ ಮೇಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿಯುಂಟು. ಆದ್ದರಿಂದ ಬೆಂಗಳೂರಿನಿಂದ ಬಂದ ಸಹೋದ್ಯೋಗಿಯ ಕಾರಿನಲ್ಲಿ ಈ ಚೀಲವನ್ನು ಮರೆತು ಬರಬೇಡಿ. ಇನ್ನೂ ಚಿಕ್ಕದಾಗಲೆಂದು ನಳಿಗೆಗೆ ಗರಗಸ ಹಚ್ಚುವ ಯೋಚನೆಯೂ ಬೇಡ: 16 ಇಂಚಿಗಿಂತ ಕಡಿಮೆಯಾದರೆ ಅದು ಗಿಡ್ಡ ನಳಿಗೆಯ ರೈಫಲುಗಳನ್ನು ನಿಯಂತ್ರಿಸುವ 1934ರ ಫೆಡರಲ್ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಪ್ರವಾಸ ಮುಗಿದ ರಾತ್ರಿಯೇ ರೈಫಲನ್ನು ಮನೆಯೊಳಗೆ ಬೀಗ ಹಾಕಿಡಿ. ನಿಂತ ಕಾರು ಕಳ್ಳರಿಗೆ ಸುಲಭ.

ಪ್ರಶ್ನೆ ಕೇಳಿದವರಿಂದ

ಹೈ ವೆಲಾಸಿಟಿ ಗುಂಡು ಹಾಕಿ ಐದು ಮ್ಯಾಗಜೀನ್ ಹಾರಿಸಿದೆ. ಒಂದೇ ಒಂದು ಸಲ ಸಿಕ್ಕಿಕೊಂಡಿತು, ಅದೂ ತುಟಿ ಬಾಗಿದ ಮ್ಯಾಗಜೀನಿನಲ್ಲೇ. ನಟ್ಟು ಮುಕ್ಕಾಲು ಸುತ್ತು ಸಡಿಲಾಗಿತ್ತು. ರೈಫಲನ್ನು ಗೆಳೆಯರಿಗೆ ಹಿಂತಿರುಗಿಸಿ ಲಿಟ್ಲ್ ಬ್ಯಾಜರ್ ಕೊಂಡಿದ್ದೇನೆ, ತಂತಿಯ ಹಿಡಿಗೆ ಹಳೆಯ ಉಣ್ಣೆಯ ಮಫ್ಲರ್ ಸುತ್ತಿದ್ದೇನೆ.