ಡಾರ್ಕ್ ಚಾಕೊಲೇಟ್ ಅಚ್ಚು ಬಿಡುತ್ತಿಲ್ಲ, ಮರುದಿನ ಬೂದು ಗೆರೆ: ಟೆಂಪರಿಂಗ್ (ಕರಗಿಸಿ ಹದವಾಗಿ ತಣಿಸುವುದು) ಎಲ್ಲಿ ತಪ್ಪಿದೆ?

ಪ್ರಶ್ನೆ: ನಮಸ್ಕಾರ. 500 ಗ್ರಾಂ ಡಾರ್ಕ್ ಕೂವರ್ಚರ್ (ಕೋಕೋ ಕೊಬ್ಬು ಹೆಚ್ಚಿರುವ ಚಾಕೊಲೇಟ್) ಅನ್ನು ಡಬಲ್ ಬಾಯ್ಲರ್‌ನಲ್ಲಿ 50 ಡಿಗ್ರಿಗೆ ಕರಗಿಸಿ, 32ಕ್ಕೆ ತಣಿಸಿ ಪಾಲಿಕಾರ್ಬೊನೇಟ್ ಅಚ್ಚಿಗೆ ಸುರಿದೆ. ಒಂದು ಗಂಟೆ ಫ್ರಿಜ್‌ನಲ್ಲಿಟ್ಟರೂ ಅಚ್ಚು ಬಿಡಲಿಲ್ಲ. ಮುಟ್ಟಿದರೆ ಬೆರಳಿಗೆ ಮೆತ್ತುತ್ತದೆ, ಮರುದಿನ ಮೇಲೆಲ್ಲ ಬೂದು ಗೆರೆ. ಊರು ಮಂಗಳೂರು, ಅಡುಗೆಮನೆ 30 ಡಿಗ್ರಿ. ಇಷ್ಟೂ ದಂಡವಾಯಿತಾ?

ಉತ್ತರ: ದಂಡವಾಗಿಲ್ಲ, ಮತ್ತೆ ಕರಗಿಸಬಹುದು. 32 ಸರಿಯಾದ ಅಂಕಿಯೇ, ಆದರೆ ನೀವು ಹೆಪ್ಪು, ಅಂದರೆ ಸರಿಯಾದ ಹರಳಿರುವ ಗಟ್ಟಿ ಚಾಕೊಲೇಟ್ ಚೂರು, ಹಾಕಿಲ್ಲ.

ಚಾಕೊಲೇಟಿನ ಕೊಬ್ಬಾದ ಕೋಕೋ ಬಟರ್ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಮೊದಲ ನಾಲ್ಕು ಸುಮಾರು 17ರಿಂದ 28 ಡಿಗ್ರಿಯೊಳಗೆ ಕರಗಿಬಿಡುತ್ತವೆ. ನಮಗೆ ಬೇಕಾದ ಐದನೆಯದು ಕರಗುವುದು 33–34ರಲ್ಲಿ. ಹೊಳಪು, ಮುರಿದಾಗ ಟಕ್ ಎನ್ನುವ ಸದ್ದು ಎರಡೂ ಅದರದ್ದೇ. 50 ಡಿಗ್ರಿಯಲ್ಲಿ ಎಲ್ಲ ಹರಳೂ ಅಳಿಸಿಹೋಗುತ್ತವೆ. ಹೆಪ್ಪೇ ಇಲ್ಲದ ಆ ದ್ರವವನ್ನು ಫ್ರಿಜ್‌ಗೆ ಇಟ್ಟರೆ ಬೇಗ ಹುಟ್ಟುವ ಕೆಳದರ್ಜೆಯ ಹರಳುಗಳೇ ತುಂಬಿಕೊಳ್ಳುತ್ತವೆ. ಅವು ಒತ್ತಾಗಿ ಕೂರುವುದಿಲ್ಲ. ಹಾಗಾಗಿ ಚಾಕೊಲೇಟ್ ಕುಗ್ಗುವುದಿಲ್ಲ, ಅಚ್ಚೂ ಬಿಡುವುದಿಲ್ಲ. ಆಮೇಲೆ ಅವು ನಿಧಾನಕ್ಕೆ ಗಟ್ಟಿ ಹರಳಾಗಿ ಮಾರ್ಪಡುವಾಗ ಕೊಬ್ಬು ಮೇಲೆ ಬಂದು ಬೂದು ಬಣ್ಣವಾಗಿ ಕಾಣುತ್ತದೆ.

ಹೀಗೆ ಮಾಡಿ: ಈ 500 ಗ್ರಾಂ ಅನ್ನು ಮತ್ತೆ 48–50ಕ್ಕೆ ಕರಗಿಸಿ, ಬಿಸಿಯಿಂದ ಇಳಿಸಿ. 35ಕ್ಕೆ ಬಂದಾಗ ಹೊಳಪಿರುವ ಹೊಸ ಕೂವರ್ಚರ್ 125–150 ಗ್ರಾಂ ಸಣ್ಣಗೆ ಹೆಚ್ಚಿ, ಮೂರು ಸಲವಾಗಿ ಹಾಕುತ್ತ ಬಿಡದೆ ಕಲಕಿ. ಬೂದು ಹಿಡಿದ ತುಂಡು ಹೆಪ್ಪಿಗೆ ಆಗದು. 31–32ಕ್ಕೆ ಬಂದಾಗಲೂ ಗಂಟು ಉಳಿದಿದ್ದರೆ ಎತ್ತಿಬಿಡಿ. ಚಾಕುವಿನ ತುದಿಯನ್ನು ಅದ್ದಿ, 20–22 ಡಿಗ್ರಿಯ ಎಸಿ ಕೋಣೆಯಲ್ಲಿಡಿ. ಐದು ನಿಮಿಷದೊಳಗೆ ಗೆರೆಯಿಲ್ಲದೆ ಗಟ್ಟಿಯಾದರೆ ಸುರಿಯಿರಿ. ಅಷ್ಟರಲ್ಲಿ 34 ದಾಟಿಸಿದರೆ ಹೆಪ್ಪೂ ಕರಗಿಹೋಗುತ್ತದೆ, ಮೊದಲಿನಿಂದ ಶುರು ಮಾಡಬೇಕು.

30 ಡಿಗ್ರಿಯ ಅಡುಗೆಮನೆಯಲ್ಲಿ ಈ ಕೆಲಸ ಬೇಡವೇ ಬೇಡ. ಹರಳು ಕಟ್ಟುವಾಗ ಚಾಕೊಲೇಟ್ ತಾನೇ ಶಾಖ ಬಿಡುತ್ತದೆ, ಅದು ಹೋಗಲು ಸುತ್ತ ತಂಪಿರಬೇಕು. ಸುರಿದ ಮೇಲೆ ಫ್ರಿಜ್‌ನಲ್ಲಿ 10–15 ನಿಮಿಷ ಸಾಕು.

ಪ್ರಶ್ನೆ: ಬೂದು ಗೆರೆ ತೇವದಿಂದಲೂ ಬಂದಿರಬಹುದಾ? ಕೂವರ್ಚರ್ ಮುಗಿದಿದೆ, ಕಾಂಪೌಂಡ್ ಸ್ಲ್ಯಾಬ್ ಇದೆ, ಹೆಪ್ಪಿಗೆ ಅದನ್ನೇ ಹಾಕಲೇ?

ಇನ್ನೊಂದು ಉತ್ತರ: ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡಿ. ಜಿಡ್ಡಾಗಿ ಕರಗಿ ಮಾಯವಾದರೆ ಕೊಬ್ಬು. ಒರಟಾಗಿ, ಸಕ್ಕರೆ ಪುಡಿಯಂತೆ ಸಿಕ್ಕರೆ ತೇವದ ಕೆಲಸ. ಫ್ರಿಜ್‌ನಿಂದ ತೆಗೆದದ್ದರ ಮೇಲೆ ಕರಾವಳಿಯ ಗಾಳಿ ಹನಿಗಟ್ಟಿ, ಸಕ್ಕರೆ ಕರಗಿ, ಒಣಗಿದಾಗ ಉಳಿಯುವ ಗುರುತು ಅದು. ಡಬ್ಬಿ ಮುಚ್ಚಿಯೇ ಫ್ರಿಜ್‌ಗಿಡಿ, ಹೊರಗೆ ತೆಗೆದು ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ.

ಕಾಂಪೌಂಡ್ ಖಂಡಿತ ಬೇಡ. ಅದರಲ್ಲಿ ಇರುವುದು ಹೆಚ್ಚಾಗಿ ತಾಳೆ ಬೀಜದ ಕೊಬ್ಬು, ಐದನೆಯ ಹರಳು ಅದರಲ್ಲಿ ಇಲ್ಲ. ಕೋಕೋ ಬಟರ್ ಜೊತೆ ಬೆರೆತರೆ ಎರಡೂ ಮೆತ್ತಗಾಗುತ್ತವೆ. ಕೂವರ್ಚರ್ ತರಿಸಿಕೊಳ್ಳಿ.

ಇನ್ನೊಂದು ಮಾತು: ಇನ್‌ಫ್ರಾರೆಡ್ ಥರ್ಮಾಮೀಟರ್ ಆದರೆ ಅದು ಓದುವುದು ಮೇಲ್ಪದರವನ್ನು ಮಾತ್ರ. ಚೆನ್ನಾಗಿ ಕಲಕಿದ ತಕ್ಷಣ ನೋಡಿ.