ಹಸುಗೂಸಿದ್ದಾಗ ದೀಕ್ಷಾಸ್ನಾನ ಆಗೇತಿ, ಈಗ ಮತ್ತೊಮ್ಮೆ ತಗೋಬೇಕಾ? ಕರ್ತನ ಭೋಜನದ್ದೂ ಒಂದು ಪ್ರಶ್ನೆ

ಬೆಟಗೇರಿ_ಮಗಳು

ಎಲ್ಲಾರಿಗೂ ವಂದನೆಗಳು. ನಮ್ಮದು ಗದಗ ಕಡೆ, ಬಾಸೆಲ್ ಮಿಶನ್ ಕಾಲದಿಂದ ಬಂದ ಮನೆತನ, ನಾ ಸಿಎಸ್‌ಐ (ದಕ್ಷಿಣ ಭಾರತದ ಸಭೆ) ಸಭೆಯೊಳಗ ಹುಟ್ಟಿ ಬೆಳದಾಕಿ. ಹಸುಗೂಸಿದ್ದಾಗ ಅಯ್ಯನೋರು ತಲಿ ಮ್ಯಾಲೆ ನೀರು ಹಾಕಿ ದೀಕ್ಷಾಸ್ನಾನ ಕೊಟ್ಟಾರ, ಹೈಸ್ಕೂಲ್ ಮುಗಿಯೂ ಹೊತ್ತಿಗೆ ಕನ್ಫರ್ಮೇಶನ್, ಅಂದ್ರ ನಂಬಿಕೀನ ನಮ್ಮ ಬಾಯಿಂದನ ಒಪ್ಪಿಕೊಳ್ಳೂದು, ಅದರ ಕ್ಲಾಸ್ ಆತು, ಬಿಷಪ್ಪರು ಕೈಯಿಟ್ಟು ಪ್ರಾರ್ಥನಾ ಮಾಡಿದ್ರು, ಅವತ್ತ ಮೊದಲನೇ ಸಲ ಕರ್ತನ ಭೋಜನಕ್ಕ, ಅಂದ್ರ ಯೇಸುನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ತಗೊಳ್ಳೂದಕ್ಕ, ಮೊಣಕಾಲೂರಿದ್ದು. ಮದುವಿ ಆದಮ್ಯಾಲೆ ಬೆಂಗಳೂರು. ಗಂಡನ ಮನಿಯವರು ಪೆಂಟೆಕೋಸ್ಟಲ್, ನಾನೂ ಅವರ ಜೋಡಿ ಅಲ್ಲೇ ಹೋಗ್ತೀನಿ, ಆರಾಧನೆ ವಾಕ್ಯ ಎಲ್ಲಾ ಮನಸಿಗೆ ಹತ್ತೇತಿ, ಯಾರೂ ನನ್ನ ಹೊರಗಿನಾಕಿ ಅಂತ ನೋಡಿಲ್ಲ, ಆದ್ರ ಕರ್ತನ ಮೇಜು ಇದ್ದ ಭಾನುವಾರ ಮಾತ್ರ ರೊಟ್ಟಿ ತಟ್ಟಿ ನನ್ನ ಮುಂದಿಂದ ದಾಟಿ ಅತ್ತೆಯವರ ಕೈಗೆ ಹೋಗ್ತೈತಿ. ಅವರ ಪ್ರಕಾರ ನನಗಿನ್ನೂ ದೀಕ್ಷಾಸ್ನಾನನ ಆಗಿಲ್ಲ. ನಂಬಿ, ಮುಳುಗಿ ತಗೊಂಡ್ರ ಮಾತ್ರ ಅದು ದೀಕ್ಷಾಸ್ನಾನ, ಕೂಸಿಗೆ ನೀರು ಹಾಕಿದ್ದು ಬರೇ ಹೆಸರಿಡೂ ಶಾಸ್ತ್ರ ಅಂತಾರ. ನಮ್ಮವ್ವಗ ಫೋನ್‌ನ್ಯಾಗ ಹೇಳಿದ್ರ ಅಳ್ತಾಳ, ‘ಹಂಗಾರ ನಾವು ನಿನ್ನ ಎತ್ಕೊಂಡು ದೇವರ ಮುಂದ ನಿಂತಿದ್ದು ಸುಳ್ಳೇನು’ ಅಂತ.

ನಾ ಈಗ ಮತ್ತೊಮ್ಮೆ ತಗೊಂಡ್ರ ತಪ್ಪಾ, ತಗೋಳದಿದ್ರ ತಪ್ಪಾ? ಇನ್ನೊಂದು, ಅವ್ವನ್ನ ನೋಡ್ಕೋತ ಬೆಳದಾಕಿ ನಾನು, ಆಕಿ ಮನ್ಯಾಗ ಯಾರ ಜೋಡಿನಾರ ಮಾತು ಬೆಳದಿದ್ರ ಆ ವಾರ ಭೋಜನಕ್ಕ ಏಳೂದೇ ಇಲ್ಲ, ಅಯೋಗ್ಯರಾಗಿ ತಿಂದ್ರ ಶಿಕ್ಷೆ ತಗಲ್ತೈತಿ ಅಂತ ಹೆದರಿಕಿ. ಹಿಂಗ ಹೆದರೂ ಊಟಾನ ಅದು? ತಿಳದವರು ಹೇಳ್ರಿ.

ಯೊರ್ದನ್_ತೀರ

ಪ್ರೈಸ್ ದ ಲಾರ್ಡ್ ಸಿಸ್ಟರ್. ನಾನು ನಿಮ್ಮ ಯಜಮಾನರ ಮನೆಯವರ ಥರದ ಸಭೆಯವನೇ, ಹಾಗಾಗಿ ಅವ್ರು ಯಾಕೆ ಹಂಗೆ ಹೇಳ್ತಾರೆ ಅಂತ ಹೇಳ್ತೀನಿ. ನಿಮ್ಮ ತಾಯಿಯವರ ನಂಬಿಕೆ ಸುಳ್ಳು ಅಂತ ಅಲ್ಲ. ಪೆಂಟೆಕೋಸ್ಟ್ ದಿನ ಯೇಸುವಿನ ಶಿಷ್ಯ ಪೇತ್ರ ಏನು ಹೇಳಿದ ನೋಡಿ, ಬೈಬಲಿನ ಅಪೊಸ್ತಲರ ಕೃತ್ಯಗಳು 2:38, ಮೊದಲು ಮನಸ್ಸು ತಿರುಗಿಸ್ಕೊಳ್ಳಿ, ಆಮೇಲೆ ದೀಕ್ಷಾಸ್ನಾನ. 8ನೇ ಅಧ್ಯಾಯದಲ್ಲಿ ಐಥಿಯೋಪ್ಯದ ಕಂಚುಕಿ, ಅಂದ್ರೆ ಅರಮನೆಯ ಅಧಿಕಾರಿ, ರಥದಲ್ಲಿ ಯೆಶಾಯನ ಪುಸ್ತಕ ಓದ್ತಾ ಇದ್ದ, ಫಿಲಿಪ್ಪ ಯೇಸು ಬಗ್ಗೆ ಹೇಳಿದ, ದಾರೀಲಿ ನೀರು ಕಾಣಿಸ್ತು, ನನಗೇನು ಅಡ್ಡಿ ಅಂತ ಅವನೇ ಕೇಳಿದ, ಇಬ್ರೂ ನೀರಿಗೆ ಇಳಿದ್ರು. ಕೇಳಿದ್ದು ಅವನು, ಅವನ ಪರವಾಗಿ ಬೇರೆ ಯಾರೂ ಅಲ್ಲ. ಇನ್ನು ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಹೇಳೋದು ನಾವು ಕ್ರಿಸ್ತನ ಜೊತೆ ಹೂಣಲ್ಪಟ್ಟು ಅವನ ಜೊತೆ ಎದ್ದು ಬಂದ್ವಿ ಅಂತ, ನೀರೊಳಗೆ ಮುಳುಗಿ ಮೇಲೆ ಬರೋದ್ರಲ್ಲಿ ಅದು ಮೈಗೇ ಗೊತ್ತಾಗತ್ತೆ.

ನಾವು ಎರಡನೇ ಸಲ ಕೊಡ್ತೀವಿ ಅಂತ ಅಂದ್ಕೊಳ್ಳಲ್ಲ, ನಮ್ಮ ಲೆಕ್ಕದಲ್ಲಿ ಅದೇ ಮೊದಲನೇದು. ಎಫೆಸದಲ್ಲಿ ಮೊದಲೇ ಸ್ನಾನ ಆಗಿದ್ದ ಕೆಲವರಿಗೆ ಪೌಲ ಯೇಸುವಿನ ಹೆಸರಲ್ಲಿ ಕೊಡಿಸಿದ್ದು ಕೂಡ ಇದೆ, ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯ. ನನಗೂ ಮಗುವಾಗಿದ್ದಾಗ ಆಗಿತ್ತು. ಕಾಲೇಜಲ್ಲಿ ಕರ್ತನನ್ನ ತಿಳ್ಕೊಂಡ ಮೇಲೆ ಶ್ರೀರಂಗಪಟ್ಟಣದ ಹತ್ರ ಕಾವೇರಿಗೆ ಇಳಿದು ತಗೊಂಡೆ, ಹೌದು ನಾನು ಕ್ರಿಸ್ತನವನೇ ಅಂತ ಎಲ್ಲರ ಎದುರಿಗೆ ನನ್ನ ಬಾಯಲ್ಲೇ ಹೇಳಿದ ಆ ಬೆಳಿಗ್ಗೆ ಇವತ್ತಿಗೂ ನನ್ನನ್ನ ಹಿಡಿದು ನಿಲ್ಲಿಸಿದೆ.

ಭಾನುವಾರದ_ಟೀಚರ್

ಬ್ರದರ್ ಬರೆದಿದ್ದನ್ನ ಗೌರವದಿಂದಲೇ ಓದಿದೆ. 1525ರಲ್ಲಿ ಜ್ಯೂರಿಕ್‌ನಲ್ಲಿ ಕೆಲವರು ದೊಡ್ಡವರಾದ ಮೇಲೆ ದೀಕ್ಷಾಸ್ನಾನ ತಗೊಂಡ್ರು, ಅವರಲ್ಲೊಬ್ಬರಾದ ಫೆಲಿಕ್ಸ್ ಮಾಂಟ್ಸ್ ಅವರನ್ನ 1527ರಲ್ಲಿ ಅದೇ ಊರಿನ ನದೀಲಿ ಮುಳುಗಿಸಿ ಕೊಂದ್ರು, ಕೊಲ್ಲಿಸಿದೋರೂ ಕ್ರೈಸ್ತರೇ. ಅಷ್ಟು ಬೆಲೆ ತೆತ್ತವರ ನಂಬಿಕೆಯನ್ನ ಹಗುರವಾಗಿ ಮಾತಾಡೋ ಹಕ್ಕು ನಮಗಿಲ್ಲ.

ಆದ್ರೂ ತಂಗಿ, ನಿಮಗಾಗಿದ್ದು ಹೆಸರಿಡೋ ಶಾಸ್ತ್ರ ಅಂತ ಮಾತ್ರ ಒಪ್ಕೋಬೇಡಿ. ಫಿಲಿಪ್ಪಿಯಲ್ಲಿ ಲುದ್ಯ ಅನ್ನೋ ಹೆಂಗಸಿಗೆ, ಸೆರೆಮನೆಯ ಯಜಮಾನನಿಗೆ, ಇಬ್ಬರಿಗೂ ಮನೆಯವರೆಲ್ಲರ ಸಮೇತ ದೀಕ್ಷಾಸ್ನಾನ ಆಯ್ತು ಅಂತ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ಹೇಳತ್ತೆ. ಆ ಮನೆಗಳಲ್ಲಿ ಕೂಸು ಇತ್ತೋ ಇಲ್ವೋ ಬರೆದಿಲ್ಲ, ಅದನ್ನ ಇಟ್ಕೊಂಡು ನಾನು ಗೆದ್ದೆ ಅನ್ನಲ್ಲ. ಈ ಚರ್ಚೆ ಎಷ್ಟು ಹಳೇದು ಅಂದ್ರೆ ಉತ್ತರ ಆಫ್ರಿಕಾದ ಕಾರ್ಥೇಜ್ ಅನ್ನೋ ಒಂದೇ ಊರಲ್ಲಿ ಸುಮಾರು 200ನೇ ಇಸವಿಯಲ್ಲಿ ತೆರ್ತುಲ್ಲಿಯನ್ ಅನ್ನೋ ಕ್ರೈಸ್ತ ಲೇಖಕ ಮಕ್ಕಳಿಗೆ ಅವಸರ ಬೇಡ ತಡಮಾಡಿ ಅಂತ ಬರೆದ, ಸುಮಾರು 50 ವರ್ಷ ಆದ್ಮೇಲೆ ಅಲ್ಲಿನ ಬಿಷಪ್ ಸಿಪ್ರಿಯನ್ ಎಂಟನೇ ದಿನದವರೆಗೂ ಕಾಯೋದು ಬೇಡ, ಹುಟ್ಟಿದ ಕೂಸಿಗೂ ದೇವರ ಕೃಪೆ ತಡೀಬಾರದು ಅಂತ ಬರೆದ. ನೀರಿನ ಅಳತೆ ವಿಷಯಕ್ಕೆ ಬಂದ್ರೆ, ದಿದಖೆ ಅಂತ ಆದಿ ಸಭೆಯ ಒಂದು ಚಿಕ್ಕ ಕೈಪಿಡಿ ಇದೆ, ಹರಿಯೋ ನೀರಲ್ಲಿ ಕೊಡಿ, ಇಲ್ಲಾಂದ್ರೆ ಬೇರೆ ನೀರು, ಅದೂ ಸಾಲದಿದ್ರೆ ತಂದೆ ಮಗ ಪವಿತ್ರಾತ್ಮನ ಹೆಸರಲ್ಲಿ ತಲೆ ಮೇಲೆ ಮೂರು ಸಲ ಹುಯ್ಯಿರಿ ಅನ್ನತ್ತೆ. ಎಫೆಸದವರಿಗೆ ಮೊದಲು ಆಗಿದ್ದು ಯೇಸುವಿಗಿಂತ ಮುಂಚೆ ಸಾರಿದ ಯೋಹಾನನ ದೀಕ್ಷಾಸ್ನಾನ, ನಿಮಗಾಗಿದ್ದು ತ್ರಿಯೇಕ ದೇವರ ಹೆಸರಲ್ಲಿ. ಎರಡೂ ಒಂದೇ ಅಲ್ಲ.

ನನ್ನ ಮಟ್ಟಿಗೆ ಎಲ್ಲಾ ನಿಂತಿರೋದು ದೀಕ್ಷಾಸ್ನಾನದಲ್ಲಿ ಕೆಲಸ ಮಾಡೋದು ಯಾರು ಅನ್ನೋದ್ರ ಮೇಲೆ. ಬ್ರದರ್ ಕಡೆಯವರು ನಂಬಿದವನು ದೇವರಿಗೆ ಕೊಡೋ ಉತ್ತರಕ್ಕೆ ಒತ್ತು ಕೊಡ್ತಾರೆ. ನಾವು, ನಮಗೆ ಬಾಯಿ ಬರೋ ಮುಂಚೆನೇ ದೇವರು ನೀನು ನನ್ನವಳು ಅಂದ್ನಲ್ಲ ಅದಕ್ಕೆ ಒತ್ತು ಕೊಡ್ತೀವಿ, ಉತ್ತರ ಕನ್ಫರ್ಮೇಶನ್‌ನಲ್ಲಿ ಬರತ್ತೆ, ನೀವು ಅವತ್ತು ಬಿಷಪ್ ಮುಂದೆ ನಿಮ್ಮ ಬಾಯಲ್ಲೇ ಉತ್ತರ ಕೊಟ್ಟಿದ್ದೀರಿ. ಅದಕ್ಕೇ ನಮ್ಮಲ್ಲಿ ಇನ್ನೊಂದು ಸಲ ಅನ್ನೋದಿಲ್ಲ. 1982ರಲ್ಲಿ ಪೆರು ದೇಶದ ಲಿಮಾದಲ್ಲಿ ಬೇರೆ ಬೇರೆ ಸಭೆಗಳ ದೇವಶಾಸ್ತ್ರಿಗಳು ಸೇರಿ ಒಪ್ಪಿದ ಬರಹದಲ್ಲೂ ದೀಕ್ಷಾಸ್ನಾನ ಮತ್ತೆ ಮಾಡೋ ಕೆಲಸ ಅಲ್ಲ ಅಂತಲೇ ಇದೆ. ಎರಡು ಪದ್ಧತಿಯವರೂ ಒಂದೇ ಸಭೆಯಲ್ಲಿ ಇರೋದಕ್ಕೆ ಆಗಲ್ಲ ಅಂತ ಏನಿಲ್ಲ, 1970ರಲ್ಲಿ ನಾಗಪುರದಲ್ಲಿ ಶುರುವಾದ ಉತ್ತರ ಭಾರತದ ಸಭೆ ಸಿಎನ್‌ಐನಲ್ಲಿ ನಂಬಿದ ದೊಡ್ಡವರಿಗೆ ಮಾತ್ರ ಕೊಡೋ ಬ್ಯಾಪ್ಟಿಸ್ಟರೂ ಇದ್ದಾರೆ ಕೂಸಿಗೂ ಕೊಡೋ ಆಂಗ್ಲಿಕನ್ನರೂ ಇದ್ದಾರೆ, ಎರಡೂ ರೀತಿ ಅಲ್ಲಿ ನಡೀತವೆ.

ಹಾಸನದ_ಕಥೋಲಿಕ

ನಮ್ಮ ಕಡೆಯಿಂದ ಒಂದು ಮಾತು. ನಾಳೆ ನೀವು ಕಥೋಲಿಕ ಸಭೆಗೆ ಬಂದ್ರೂ ನಿಮ್ಮ ಸಿಎಸ್‌ಐ ದೀಕ್ಷಾಸ್ನಾನವನ್ನ ಒಪ್ಕೋತಾರೆ, ಮತ್ತೆ ಕೊಡಲ್ಲ. ನಾವು ಜ್ಞಾನಸ್ನಾನ ಅಂತೀವಿ. ಕೂಸು ಸಾಯೋ ಸ್ಥಿತಿಯಲ್ಲಿದ್ರೆ ಗುರುಗಳು ಬರೋವರೆಗೂ ಕಾಯೋ ಹಾಗಿಲ್ಲ, ಆಸ್ಪತ್ರೆಯ ನರ್ಸ್ ಆದ್ರೂ ಸರಿ, ಸಭೆಯ ಉದ್ದೇಶ ಮನಸಲ್ಲಿಟ್ಟು ತ್ರಿಯೇಕ ನಾಮದಲ್ಲಿ ನೀರು ಹಾಕಿದ್ರೆ ಅದು ಪೂರ್ತಿ ಜ್ಞಾನಸ್ನಾನವೇ.

ಆದ್ರೆ ಪರಮಪ್ರಸಾದದ (ನೀವು ಕರ್ತನ ಭೋಜನ ಅನ್ನೋದು) ವಿಷಯಕ್ಕೆ ಬಂದ್ರೆ ನಮ್ಮಲ್ಲೂ ನಿಮಗೆ ಸಾಮಾನ್ಯವಾಗಿ ಕೊಡಲ್ಲ ಅನ್ನೋದನ್ನ ನಾನು ಹೇಳಲೇಬೇಕು, ಅದು ನನಗೂ ನೋವು, ನಮ್ಮ ಮನೆಗೆ ಬಂದ ಸಿಎಸ್‌ಐ ಸೊಸೆ ಬಲಿಪೂಜೆಯಲ್ಲಿ ಬೆಂಚಲ್ಲೇ ಕೂತಿರ್ತಾಳೆ. ಯಾರನ್ನೋ ಕೀಳು ಮಾಡೋಕೆ ಇಟ್ಟ ನಿಯಮ ಅಲ್ಲ ಅದು. ರೊಟ್ಟಿ ದ್ರಾಕ್ಷಾರಸ ನಿಜವಾಗಿಯೂ ಕ್ರಿಸ್ತನ ಶರೀರ, ರಕ್ತ ಆಗತ್ತೆ ಅಂತ ನಾವು ನಂಬ್ತೀವಿ, ಆ ನಂಬಿಕೆಯಲ್ಲೂ ಸಭೆಯಲ್ಲೂ ಒಂದಾದವರು ಒಟ್ಟಿಗೆ ತಗೋಬೇಕು ಅನ್ನೋದು. ಮಕ್ಕಳಿಗೆ ಬಹಳ ಕಾಲ ಹತ್ತು ಹನ್ನೆರಡು ವರ್ಷ ಆಗೋವರೆಗೂ ಕಾಯಿಸ್ತಿದ್ರು, 1910ರಲ್ಲಿ ಹತ್ತನೇ ಪಿಯೂಸ್ ಪೋಪ್ ಏಳು ವರ್ಷದ ಆಸುಪಾಸಲ್ಲಿ, ಇದು ಬರೀ ರೊಟ್ಟಿ ಅಲ್ಲ ಅಂತ ಮಗುವಿಗೆ ಗೊತ್ತಾದ್ರೆ ಸಾಕು ಅಂದ್ರು.

ಬೀದರ್_ಮೆಥೊಡಿಸ್ಟ್

ಎಲ್ಲರೂ ದೀಕ್ಷಾಸ್ನಾನದ ಮೇಲೇ ಬರೆದ್ರು, ಅಮ್ಮನ ಹೆದರಿಕೆಗೆ ಯಾರೂ ಉತ್ತರ ಕೊಡ್ಲಿಲ್ಲ, ನನಗೆ ಅದೇ ದೊಡ್ಡದು ಅನ್ನಿಸ್ತು.

ಪೌಲ ಬರೆದ 1 ಕೊರಿಂಥ 11ನ್ನ, ಅಯೋಗ್ಯವಾಗಿ ತಿಂದ್ರೆ ಕರ್ತನ ದೇಹಕ್ಕೆ ದ್ರೋಹ ಅನ್ನೋ 27ನೇ ವಚನದಿಂದ ಓದಬೇಡಿ, 17ರಿಂದ ಓದಿ. ಕೊರಿಂಥದಲ್ಲಿ ಆಗ್ತಿದ್ದಿದ್ದು ಏನಂದ್ರೆ ಉಳ್ಳವರು ಮುಂಚೆ ಬಂದು ತಮ್ಮ ಊಟ ತಾವು ಮುಗಿಸಿ ಅಮಲೇರಿಸ್ಕೋತಿದ್ರು, ಏನೂ ಇಲ್ಲದವರು ಹಸ್ಕೊಂಡೇ ಇರ್ತಿದ್ರು. ಪೌಲನಿಗೆ ಸಿಟ್ಟು ಬಂದಿದ್ದು ಅದಕ್ಕೆ. ಅಯೋಗ್ಯ ಅಂತ ಹೇಳಿದ್ದು ತಿನ್ನೋ ರೀತಿಗೆ, ತಿನ್ನೋ ಮನುಷ್ಯರಿಗೆ ಅಲ್ಲ, ಕೊನೇಲಿ ಅವನು ಹೇಳೋ ಪರಿಹಾರ ಏನು, ಒಬ್ಬರಿಗೊಬ್ಬರು ಕಾಯಿರಿ ಅಂತ. ಯೋಗ್ಯರಿಗೆ ಮಾತ್ರ ಆದ್ರೆ ಆ ಮೇಜಿಗೆ ಒಬ್ಬರೂ ಬರೋಕಾಗಲ್ಲ. ಮೆಥೊಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ಕೂಡ ಇದೇ ಹೆದರಿಕೆಗೆ ಇದೇ ಉತ್ತರ ಕೊಟ್ಟು, ಆದಷ್ಟು ಸಲ ಬನ್ನಿ ಅಂತ ಜನರನ್ನ ಕರೀತಿದ್ರು.

ನಮ್ಮ ದಕ್ಷಿಣ ಭಾರತದಲ್ಲಿ ಆ ವಚನ ಯಾರಿಗೆ ತಗಲ್ಬೇಕು ಅಂತ ನಾನು ಹೇಳ್ತೀನಿ. ತಂಜಾವೂರು ಕಡೆ ಸಭೆಗಳಲ್ಲಿ ಜಾತಿ ಪ್ರಕಾರ ಬೇರೆ ಬೇರೆ ಕೂತು, ಮೇಲ್ಜಾತಿಯಿಂದ ಬಂದವರು ಮೊದಲು, ಉಳಿದವರು ಆಮೇಲೆ ಅಂತ ಭೋಜನ ತಗೋತಿದ್ರು. 1833ರಲ್ಲಿ ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್ ಇದು ತಕ್ಷಣ ನಿಲ್ಲಬೇಕು ಅಂತ ಆದೇಶ ಮಾಡಿದಾಗ ಎಷ್ಟೋ ಜನ ಸಭೆಯನ್ನೇ ಬಿಟ್ಟು ಹೋದ್ರು. ಪಕ್ಕದವನ ತುಟಿ ತಾಗಿದ ಪಾತ್ರೆ ಮುಟ್ಟೋದಕ್ಕಿಂತ ಕ್ರಿಸ್ತನನ್ನ ಬಿಡೋದು ಅವರಿಗೆ ಸುಲಭ ಆಯ್ತು. ದೇಹಕ್ಕೆ ದ್ರೋಹ ಅಂದ್ರೆ ಅದು.

ಅಮ್ಮ ಜಗಳ ಆದಾಗ ತಡೀತಾರಲ್ಲ, ಅದರಲ್ಲಿ ಅರ್ಧ ಸತ್ಯ ಇದೆ. ಮೇಲೆ ಟೀಚರ್ ಹೇಳಿದ ದಿದಖೆಯಲ್ಲೇ ಜಗಳ ಇರೋರು ರಾಜಿ ಆದ್ಮೇಲೆ ಬನ್ನಿ ಅಂತ ಇದೆ, ಮತ್ತಾಯ 5ರಲ್ಲಿ ಕರ್ತನೂ ಕಾಣಿಕೆ ಅಲ್ಲೇ ಬಿಟ್ಟು ಹೋಗಿ ರಾಜಿ ಮಾಡ್ಕೊಂಡು ಬಾ ಅಂತಾನೆ. ‘ಬಾ’ ಅಂತಾನೆ, ದೂರ ಇರು ಅನ್ನಲ್ಲ. ಶನಿವಾರ ರಾತ್ರಿ ಮಾತು ಬಿಟ್ಟವರ ಮನೆಗೆ ಹೋಗಿ ಬಂದು ಭಾನುವಾರ ಏಳಿ ಅಂತ ಅಮ್ಮನಿಗೆ ಹೇಳಿ.

ಬೆಟಗೇರಿ_ಮಗಳು

ಓದ್ಕೋತ ಕಣ್ಣಾಗ ನೀರು ಬಂತ್ರೀ. ಬೀದರ್ ಅಣ್ಣಾರು ಬರದಿದ್ದನ್ನ ಅವ್ವಗ ಓದಿ ಹೇಳಿದೆ, ತಂಜಾವೂರಿನ ಮಾತಿಗೆ ಸುಮ್ಮನಾದ್ಲು, ಆಮ್ಯಾಲೆ ಚಿಗವ್ವನ ಮನಿಗೆ ಹೋಗ್ತೀನಿ ಅಂದ್ಲು. ನನ್ನ ವಿಷಯದಾಗ ಇನ್ನೂ ತೀರ್ಮಾನ ಆಗಿಲ್ಲ. ಯೊರ್ದನ್ ಅಣ್ಣಾರ ನಿಮಗೊಂದು ಕೇಳ್ತೀನಿ, ಮನಸ್ಸು ಪೂರ್ತಿ ಒಪ್ಪದಿದ್ರೂ ಮೇಜಿಗೆ ಸೇರಿಸ್ಕೋತಾರ ಅನ್ನೂ ಸಲುವಾಗಿ ನಾ ನೀರಿಗೆ ಇಳದ್ರ ಅದು ನಡೀತೈತೇನು?

ಯೊರ್ದನ್_ತೀರ

ಇಲ್ಲ ಸಿಸ್ಟರ್, ಹಂಗೆ ಇಳೀಬೇಡಿ. ನಂಬಿಕೆಯಿಂದಲೇ ತಗೋಬೇಕು ಅಂತ ವಾದ ಮಾಡೋ ನಾವೇ ಮನೆಯವರ ಒತ್ತಾಯಕ್ಕೆ ಇಳೀರಿ ಅಂದ್ರೆ ನಮ್ಮ ಮಾತಿಗೆ ಅರ್ಥ ಇರಲ್ಲ. ಯಜಮಾನರನ್ನೂ ಕರ್ಕೊಂಡು ಪಾಸ್ಟರ್ ಹತ್ರ ಕೂತು ನಿಮ್ಮ ಕನ್ಫರ್ಮೇಶನ್ ಬಗ್ಗೆ ಪೂರ್ತಿ ಹೇಳಿ, ಅಲ್ಲಿ ನೀವು ಏನು ಉತ್ತರ ಕೊಟ್ರಿ, ಆಗ ನಿಜವಾಗ್ಲೂ ನಂಬಿದ್ರಾ ಅಂತ. ಅವರು ಆದ್ರೂ ಆಗಲ್ಲ ಅನ್ನಬಹುದು, ನನ್ನ ಅಭಿಪ್ರಾಯವೂ ಬದಲಾಗಿಲ್ಲ. ಆದ್ರೆ ಅಲ್ಲಿವರೆಗೂ ತಿಂಗಳಿಗೊಂದು ಸಲ ನಿಮ್ಮ ಹತ್ತಿರದ ಸಿಎಸ್‌ಐ ಸಭೆಗೆ ಹೋಗಿ ಭೋಜನ ತಗೊಳ್ಳಿ, ಮನೆಯವರು ಬೇಡ ಅಂದ್ರೆ ಪ್ರೀತಿಯಿಂದ ಕೇಳ್ಕೊಳ್ಳಿ, ಹಸ್ಕೊಂಡು ಕೂರಬೇಡಿ.